ಅಳಿಯದ ವಿಷಕ್ಕೆ ಅಳತೆಗೋಲು

ಕೆಲವು ರಾಸಾಯನಿಕಗಳು ಒಮ್ಮೆ ಹೊರಬಿದ್ದರೆ ಹತ್ತಾರು ವರ್ಷ ಅಳಿಯುವುದಿಲ್ಲ. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ ಯಾವುದಕ್ಕೂ ಅವು ಜಗ್ಗವು. ಹೆಚ್ಚಿನವು ನೀರಿನಲ್ಲಿ ಕರಗಲೊಲ್ಲದೆ ಜೀವಿಗಳ ಕೊಬ್ಬಿನಲ್ಲಿ ಮನೆಮಾಡಿ, ಪಾಚಿಯಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ, ಮನುಷ್ಯನಿಗೆ ದಾಟುತ್ತ ಪ್ರತಿ ಮೆಟ್ಟಿಲಲ್ಲೂ ಹೆಚ್ಚುತ್ತ ಹೋಗುತ್ತವೆ. ಇವಕ್ಕೆ ‘ದೀರ್ಘಬಾಳಿಕೆಯ ಸಾವಯವ ಮಾಲಿನ್ಯಕಾರಕಗಳು’ ಎಂಬ ಉದ್ದನೆಯ ಹೆಸರಿದೆ; ವಿಜ್ಞಾನಿಗಳ ಮಾತಿನಲ್ಲಿ ‘ಪಾಪ್ಸ್’. ಇಲ್ಲಿನ ‘ಸಾವಯವ’ಕ್ಕೂ ಸಂತೆಯ ಸಾವಯವ ಬೆಲ್ಲಕ್ಕೂ ಸಂಬಂಧವಿಲ್ಲ. ಇಂಗಾಲದ ಚೌಕಟ್ಟಿನ ಮೇಲೆ ಕಟ್ಟಿದ ಅಣು ಎಂಬುದಷ್ಟೇ ಅದರ ಅರ್ಥ. ಆ ಚೌಕಟ್ಟಿಗೆ ಕ್ಲೋರಿನ್, ಬ್ರೋಮಿನ್ ಅಥವಾ ಫ್ಲೋರಿನ್ ಬಿಗಿಯಾಗಿ ಅಂಟಿಕೊಂಡಿರುವುದರಿಂದಲೇ ಈ ಅಣುಗಳು ಸುಲಭಕ್ಕೆ ಮುರಿಯವು.

2001ರ ಮೇ 22ರಂದು ಸ್ವೀಡನ್ನಿನ ರಾಜಧಾನಿಯಲ್ಲಿ ಅಂಗೀಕಾರವಾಗಿ 2004ರ ಮೇ 17ರಂದು ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದ ಈ ವಿಷಗಳನ್ನು ಜಗತ್ತಿನಿಂದ ತೊಲಗಿಸುವ ಗುರಿ ಇಟ್ಟುಕೊಂಡಿದೆ. ಮೊದಲ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದವು: ಡಿಡಿಟಿ, ಆಲ್ಡ್ರಿನ್, ಡೈಎಲ್ಡ್ರಿನ್, ಎಂಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್, ಮೈರೆಕ್ಸ್, ಟಾಕ್ಸಫೀನ್, ಹೆಕ್ಸಾಕ್ಲೋರೋಬೆಂಜೀನ್, ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ, ಮತ್ತು ಯಾರೂ ಬೇಕೆಂದು ತಯಾರಿಸದ, ಕಸ ಸುಡುವಾಗ ತಾನೇ ಹುಟ್ಟುವ ಡಯಾಕ್ಸಿನ್ ಹಾಗೂ ಫ್ಯೂರಾನ್. ಈಗ ಪಟ್ಟಿ ಮೂವತ್ತನ್ನು ದಾಟಿದೆ. ಹೊಸ ಹೆಸರು ಸೇರಬೇಕಾದರೆ ಪರೀಕ್ಷೆಗಳಿವೆ. ನೀರಿನಲ್ಲಿ ಅದರ ಅರ್ಧಾಯು, ಅಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಎರಡು ತಿಂಗಳನ್ನು ಅಥವಾ ಮಣ್ಣಿನಲ್ಲಿ ಆರು ತಿಂಗಳನ್ನು ಮೀರಬೇಕು, ಜೀವಿಗಳಲ್ಲಿ ಸಂಚಯವಾಗಬೇಕು, ದೂರ ಸಾಗಬಲ್ಲದೆಂದು ತೋರಬೇಕು, ಹಾನಿಗೆ ಪುರಾವೆ ಬೇಕು. 180ಕ್ಕೂ ಹೆಚ್ಚು ದೇಶಗಳು ಒಪ್ಪಂದದೊಳಗಿವೆ. ಭಾರತ ಸೇರಿದ್ದು 2006ರ ಜನವರಿಯಲ್ಲಿ. ಅಮೆರಿಕ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ.

ನಿಷೇಧ ಕಾಗದದ ಮೇಲಿನ ಕೆಲಸ. ಅದು ಫಲ ಕೊಡುತ್ತಿದೆಯೇ ಎಂದು ಹೇಳಬಲ್ಲದ್ದು ಅಳತೆ ಮಾತ್ರ. ಆದ್ದರಿಂದ ಒಪ್ಪಂದದ 16ನೇ ವಿಧಿ ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡಿದೆ: ಜಾರಿಯಾದ ನಾಲ್ಕು ವರ್ಷಕ್ಕೆ ಮೊದಲ ಬಾರಿ, ಆಮೇಲೆ ನಿಗದಿತ ಅವಧಿಗೊಮ್ಮೆ ಒಪ್ಪಂದದ ಪರಿಣಾಮವನ್ನು ತೂಗಿ ನೋಡಬೇಕು; ಅದಕ್ಕೆ ಜಗತ್ತಿನ ಎಲ್ಲ ಭಾಗಗಳಿಂದ ಹೋಲಿಸಬಲ್ಲ ಅಂಕಿಅಂಶ ಬೇಕು. ಈ ಕೆಲಸಕ್ಕೆಂದು ರೂಪುಗೊಂಡದ್ದೇ ‘ಜಾಗತಿಕ ನಿಗಾ ಯೋಜನೆ’. ‘ಹೋಲಿಸಬಲ್ಲ’ ಎಂಬ ಒಂದು ಪದದಲ್ಲಿ ಅದರ ಕಷ್ಟವೆಲ್ಲ ಅಡಗಿದೆ.

ಇಂಥ ಅಳತೆಯ ಅಗತ್ಯ ಮನದಟ್ಟಾಗಿದ್ದು ಎರಡು ಆಕಸ್ಮಿಕಗಳಿಂದ. 1960ರ ದಶಕದಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಸೋರೆನ್ ಯೆನ್ಸನ್ ಮೀನು, ಹಕ್ಕಿಗಳ ಅಂಗಾಂಶದಲ್ಲಿ ಡಿಡಿಟಿಯನ್ನು ಹುಡುಕುತ್ತಿದ್ದರು. ಕೈಯಲ್ಲಿದ್ದದ್ದು ಮಿಶ್ರಣದ ಸಂಯುಕ್ತಗಳನ್ನು ಬೇರ್ಪಡಿಸಿ ಒಂದೊಂದನ್ನೂ ನಕ್ಷೆಯಲ್ಲಿ ಶಿಖರವಾಗಿ ತೋರಿಸುವ ಅನಿಲ ವರ್ಣಲೇಖಕ. ಅದಕ್ಕೆ ಜೋಡಿಸುವ, ಅತ್ಯಲ್ಪ ಕ್ಲೋರಿನ್ ಸಂಯುಕ್ತವನ್ನೂ ಹಿಡಿಯುವ ಎಲೆಕ್ಟ್ರಾನ್ ಗ್ರಹಣ ಪತ್ತೆಕಾರಕವನ್ನು ಬ್ರಿಟನ್ನಿನ ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ್ದರು. ಯೆನ್ಸನ್ ಅವರ ನಕ್ಷೆಯಲ್ಲಿ ಡಿಡಿಟಿಯ ಶಿಖರಗಳ ಜೊತೆಗೆ ಗುರುತು ಸಿಗದ ಇನ್ನಷ್ಟು ಶಿಖರಗಳು ಏಳುತ್ತಿದ್ದವು. ಅವು ಕೂಡ ಕೀಟನಾಶಕದ ಚೂರುಗಳಿರಬಹುದೇ? ವಸ್ತುಸಂಗ್ರಹಾಲಯದಲ್ಲಿದ್ದ ಹಳೆಯ ಹದ್ದಿನ ಗರಿಗಳನ್ನು ಪರೀಕ್ಷಿಸಿದಾಗ ಡಿಡಿಟಿ ಸ್ವೀಡನ್ನಿನಲ್ಲಿ ಬಳಕೆಗೆ ಬರುವ ಮುಂಚಿನ, 1940ರ ದಶಕದ ಗರಿಯಲ್ಲೂ ಅವೇ ಶಿಖರಗಳು ಕಂಡವು. ಅಂದರೆ ಮೂಲ ಬೇರೆಯೇ ಇತ್ತು. 1966ರ ಹೊತ್ತಿಗೆ ಹೆಸರು ಹೊರಬಿತ್ತು: 1929ರಿಂದ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಿಗೆ ತುಂಬುತ್ತಿದ್ದ ಪಿಸಿಬಿ. ಅದನ್ನು ಹೊಲಕ್ಕೆ ಯಾರೂ ಸಿಂಪಡಿಸಿರಲಿಲ್ಲ. ಆದರೂ ಅದು ಯೆನ್ಸನ್ ಅವರ ಹೆಂಡತಿ ಮತ್ತು ಹಾಲುಗೂಸಾಗಿದ್ದ ಮಗಳ ಕೂದಲಿನಲ್ಲೂ ಇತ್ತು.

ಎರಡನೆಯದು ಕೆನಡಾದ್ದು. 1980ರ ದಶಕದ ಕೊನೆಯಲ್ಲಿ ವೈದ್ಯ ಎರಿಕ್ ಡೆವೈಲಿ ದಕ್ಷಿಣ ಕ್ವಿಬೆಕ್‌ನ ತಾಯಂದಿರ ಎದೆಹಾಲಿನಲ್ಲಿ ಪಿಸಿಬಿ ಅಳೆಯುತ್ತಿದ್ದರು. ಹೋಲಿಕೆಗೆ ಕಲ್ಮಶವಿಲ್ಲದ ಮಾದರಿ ಬೇಕಿತ್ತು. ಕಾರ್ಖಾನೆಯ ಹೊಗೆ ಕಾಣದ ಉತ್ತರ ತುದಿಯ ನುನಾವಿಕ್ ಪ್ರದೇಶದ ಇನುಯಿಟ್ ತಾಯಂದಿರ ಹಾಲು ಅದಕ್ಕೆ ಹೇಳಿಮಾಡಿಸಿದಂತಿತ್ತು. ಫಲಿತಾಂಶ ಬಂದಾಗ ಲೆಕ್ಕ ತಲೆಕೆಳಗಾಗಿತ್ತು: ದಕ್ಷಿಣದವರಿಗಿಂತ ಇನುಯಿಟ್ ತಾಯಂದಿರ ಹಾಲಿನಲ್ಲೇ ಪಿಸಿಬಿ ಸುಮಾರು ಐದು ಪಟ್ಟು ಹೆಚ್ಚು. ಸೀಲ್, ಬೆಲೂಗಾ ತಿಮಿಂಗಿಲಗಳ ಕೊಬ್ಬು ಅಲ್ಲಿಯವರ ನಿತ್ಯದ ಊಟ. ಆಹಾರ ಸರಪಳಿಯ ತುತ್ತತುದಿಯಲ್ಲಿ ಕುಳಿತವರ ತಟ್ಟೆಗೆ, ಅವರು ಎಂದೂ ಬಳಸದ ವಸ್ತು ಬಂದು ಬಿದ್ದಿತ್ತು. ಮುಂದೆ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆಯಲ್ಲೇ ಆರ್ಕ್ಟಿಕ್ ಪರಿಸರ ಮತ್ತು ಅಲ್ಲಿನ ಮೂಲನಿವಾಸಿಗಳ ಹೆಸರು ಬಂದಿದ್ದಕ್ಕೆ ಇದೇ ಹಿನ್ನೆಲೆ.

ಅಷ್ಟು ದೂರ ಅದು ಹೋದದ್ದು ಹೇಗೆ? ಬಟ್ಟೆಯ ಪೆಟ್ಟಿಗೆಯಲ್ಲಿಟ್ಟ ನುಸಿಗುಳಿಗೆ ಕರಗದೆಯೇ ಸವೆದು ಗಾಳಿಗೆ ಸೇರುವುದನ್ನು ಎಲ್ಲರೂ ಕಂಡಿದ್ದಾರೆ. ಪಾಪ್ಸ್‌ಗಳದ್ದೂ ಹೆಚ್ಚುಕಡಿಮೆ ಅದೇ ಸ್ವಭಾವ, ಗತಿ ಮಾತ್ರ ನಿಧಾನ. ಬಿಸಿ ನೆಲದಲ್ಲಿ ಆವಿಯಾಗಿ ಏಳುತ್ತವೆ, ಗಾಳಿಯಲ್ಲಿ ಸಾಗಿ ತಂಪು ಸಿಕ್ಕಲ್ಲಿ ಇಳಿಯುತ್ತವೆ, ಮತ್ತೆ ಬಿಸಿಯಾದರೆ ಮತ್ತೆ ಏಳುತ್ತವೆ. ಹೀಗೆ ಮಿಡತೆಯ ಹಾಗೆ ಕುಪ್ಪಳಿಸುತ್ತ ಕೊನೆಗೆ ಧ್ರುವದ ಚಳಿಯಲ್ಲಿ ಬಂದು ಕೂರುತ್ತವೆ. ಅಲ್ಲಿ ಮತ್ತೆ ಏಳುವಷ್ಟು ಶಾಖ ಅಪರೂಪ. ಇದಕ್ಕೆ ‘ಜಾಗತಿಕ ಬಟ್ಟಿ ಇಳಿಸುವಿಕೆ’ ಎಂಬ ಹೆಸರೂ ಇದೆ.

ಏನನ್ನು ಅಳೆಯಬೇಕು ಎಂಬುದೇ ಯೋಜನೆಯ ಮೊದಲ ಪ್ರಶ್ನೆಯಾಗಿತ್ತು. ಮಣ್ಣು, ಮೀನು, ಮೊಟ್ಟೆ, ಬೆಣ್ಣೆ, ಮರದ ತೊಗಟೆ ಎಲ್ಲದರಲ್ಲೂ ಈ ವಿಷಗಳಿವೆ. ಆದರೆ ಒಂದು ದೇಶ ಮೀನನ್ನೂ ಇನ್ನೊಂದು ಮಣ್ಣನ್ನೂ ಅಳೆದರೆ ಹೋಲಿಕೆ ಅಸಾಧ್ಯ. ಎಲ್ಲ ಕಡೆ ಸಿಗುವಂಥದ್ದು ಎರಡೇ ಎಂದು ತೀರ್ಮಾನವಾಯಿತು: ಗಾಳಿ ಮತ್ತು ಮನುಷ್ಯ. ಮನುಷ್ಯನಲ್ಲಿ ಎದೆಹಾಲು ಅಥವಾ ರಕ್ತ. ಗಾಳಿ ಇಂದಿನ ಸುದ್ದಿ ಹೇಳುತ್ತದೆ. ಸೋರಿಕೆ ನಿಂತರೆ ಅದರಲ್ಲಿ ಬೇಗ ಗೊತ್ತಾಗುತ್ತದೆ. ಎದೆಹಾಲು ಆ ತಾಯಿ ಹುಟ್ಟಿದಂದಿನಿಂದ ಉಂಡದ್ದರ ಒಟ್ಟು ಲೆಕ್ಕ. 2009ರಲ್ಲಿ ಪಿಎಫ್‌ಒಎಸ್ ಪಟ್ಟಿಗೆ ಸೇರಿದಾಗ ಈ ಜೋಡಿ ಸಾಲದಾಯಿತು. ಕಲೆ ಹಿಡಿಯದ ಬಟ್ಟೆ, ಬೆಂಕಿ ಆರಿಸುವ ನೊರೆಗಳಲ್ಲಿ ಬಳಕೆಯಾದ ಈ ಫ್ಲೋರಿನ್ ಸಂಯುಕ್ತಕ್ಕೆ ಕೊಬ್ಬಿನ ಹಂಬಲವಿಲ್ಲ. ಅದು ರಕ್ತದ ಪ್ರೋಟೀನಿಗೆ ಅಂಟುತ್ತದೆ, ನೀರಿನಲ್ಲಿ ಹರಿದುಹೋಗುತ್ತದೆ. ಹೀಗಾಗಿ ನದಿ, ಕೊಲ್ಲಿ, ಸಮುದ್ರಗಳ ನೀರು ಮೂರನೆಯ ಮಾಧ್ಯಮವಾಯಿತು.

ಗಾಳಿಯ ಮಾದರಿ ಹಿಡಿಯಲು ಎರಡು ದಾರಿ. ಮೊದಲನೆಯದು ಪಂಪು: ವಿದ್ಯುತ್ ಯಂತ್ರ ನೂರಾರು ಘನಮೀಟರ್ ಗಾಳಿಯನ್ನು ಸೋಸುಪಟ್ಟಿ ಮತ್ತು ಫೋಮ್ ಮೂಲಕ ಎಳೆಯುತ್ತದೆ. ಎಷ್ಟು ಗಾಳಿ ಹಾದಿದೆ ಎಂಬುದು ನಿಖರವಾಗಿ ಗೊತ್ತಿರುತ್ತದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದಲ್ಲಿ, 79 ಡಿಗ್ರಿ ಉತ್ತರದ ಹತ್ತಿರ ಬೆಟ್ಟದ ಮೇಲೆ ನಿಂತ ಜೆಪೆಲಿನ್ ಕೇಂದ್ರ, ಕೆನಡಾದ ಅಲರ್ಟ್ ಕೇಂದ್ರ 1990ರ ದಶಕದ ಆರಂಭದಿಂದ ಹೀಗೆ ಅಳೆಯುತ್ತ ಬಂದಿವೆ. ಅಲರ್ಟ್ ಇರುವುದು 82 ಡಿಗ್ರಿಗೂ ಉತ್ತರಕ್ಕೆ; ಅಲ್ಲಿ ಚಳಿಗಾಲದ ತಿಂಗಳುಗಟ್ಟಲೆ ಸೂರ್ಯನೇ ಮೂಡುವುದಿಲ್ಲ. ಇಂಥ ಕಡೆ ಸಿಕ್ಕ ವಿಷ ಸ್ಥಳೀಯವಲ್ಲವೆಂದು ವಾದಿಸುವ ಗೋಜೇ ಇಲ್ಲ. ಸ್ಟಾಕ್‌ಹೋಮ್ ಒಪ್ಪಂದ ಹುಟ್ಟುವ ಮೊದಲೇ ಯುರೋಪ್ ಮತ್ತು ಉತ್ತರ ಅಮೆರಿಕದ ದೇಶಗಳು 1979ರ ಗಡಿದಾಟುವ ವಾಯುಮಾಲಿನ್ಯ ಒಪ್ಪಂದ, ಅದರಡಿ 1998ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಬರೆದ ಪಾಪ್ಸ್ ಶಿಷ್ಟಾಚಾರಗಳ ಮೂಲಕ ಇಂಥ ಜಾಲ ಕಟ್ಟಿಕೊಂಡಿದ್ದವು. ಅಮೆರಿಕ, ಕೆನಡಾ ಮಹಾಸರೋವರಗಳ ಸುತ್ತ 1990ರಿಂದ ತಮ್ಮದೇ ಜಾಲ ನಡೆಸಿವೆ.

ಉಳಿದ ಜಗತ್ತಿನ ಬಹುಭಾಗದಲ್ಲಿ ಇಂಥ ಕೇಂದ್ರಗಳಿರಲಿಲ್ಲ. ಅಲ್ಲಿಗೆ ಒದಗಿದ್ದು ಎರಡನೆಯ ದಾರಿ, ಅಡುಗೆಮನೆಯ ಸಾಮಾನಿನಂತೆ ಕಾಣುವ ಒಂದು ಸಲಕರಣೆ. ಎರಡು ಸ್ಟೀಲ್ ಬೋಗುಣಿಗಳನ್ನು ಒಂದಕ್ಕೊಂದು ಎದುರಾಗಿ, ನಡುವೆ ಗಾಳಿ ಆಡುವಷ್ಟು ಸಂದು ಬಿಟ್ಟು ಜೋಡಿಸಿ, ಒಳಗೆ ಹಾಸಿಗೆಗೆ ಬಳಸುವಂಥ ಫೋಮ್‌ನ ದುಂಡು ಬಿಲ್ಲೆ ತೂಗುಹಾಕಲಾಗುತ್ತದೆ. ಬಿಲ್ಲೆಯ ವ್ಯಾಸ ಸುಮಾರು 14 ಸೆಂಟಿಮೀಟರ್. ಪಂಪಿಲ್ಲ, ಕರೆಂಟಿಲ್ಲ. ಗಾಳಿ ತಾನೇ ಹಾದುಹೋಗುವಾಗ ಫೋಮ್ ವಿಷವನ್ನು ಹೀರಿಕೊಳ್ಳುತ್ತದೆ, ದಿನಕ್ಕೆ ಸುಮಾರು 4 ಘನಮೀಟರ್ ಗಾಳಿಗೆ ಸಮನಾದಷ್ಟು. ಮೂರು ತಿಂಗಳಿಗೊಮ್ಮೆ ಬಿಲ್ಲೆ ಬದಲಿಸಿ ಹಳೆಯದನ್ನು ಪ್ರಯೋಗಾಲಯಕ್ಕೆ ಅಂಚೆಯಲ್ಲೂ ಕಳಿಸಬಹುದು. ಕೆನಡಾದ ಟಾಮ್ ಹಾರ್ನರ್ ಮತ್ತು ಸಂಗಡಿಗರು 2004-05ರಲ್ಲಿ ಇದನ್ನೇ ನೆಚ್ಚಿ ಎಲ್ಲ ಭೂಖಂಡಗಳಿಗೂ ಹರಡುವ ಜಾಲ ಆರಂಭಿಸಿದರು. ಚೆಕ್ ಗಣರಾಜ್ಯದ ಬ್ರನೋ ನಗರದ ಮಸಾರಿಕ್ ವಿಶ್ವವಿದ್ಯಾಲಯದ ಕೇಂದ್ರ ಯುರೋಪ್, ಆಫ್ರಿಕಾಗಳಲ್ಲಿ ಇನ್ನೊಂದು ಜಾಲ ನೇಯ್ದಿತು. ಜಾಗತಿಕ ಯೋಜನೆಯ ದತ್ತಾಂಶ ಭಂಡಾರ ಇರುವುದೂ ಬ್ರನೋದಲ್ಲೇ. ಬೋಗುಣಿ ವಿಧಾನಕ್ಕೆ ಒಂದು ಕುಂದಿದೆ. ಗಾಳಿ ಜೋರಾಗಿ ಬೀಸುವ ಕಡಲತೀರದಲ್ಲೂ ಬೀಸದ ಕಣಿವೆಯಲ್ಲೂ ಹೀರುವ ವೇಗ ಒಂದೇ ಅಲ್ಲ. ಅದನ್ನು ಸರಿದೂಗಿಸಲು ತಿಳಿದ ಪ್ರಮಾಣದ ಗುರುತು ಸಂಯುಕ್ತವನ್ನು ಮೊದಲೇ ಬಿಲ್ಲೆಗೆ ಹಾಕಿ, ಅದರಲ್ಲಿ ಎಷ್ಟು ಕಳೆದಿದೆ ಎಂದು ನೋಡುತ್ತಾರೆ.

ಹಿಡಿದದ್ದಾದರೂ ಎಷ್ಟು? ಘನಮೀಟರ್ ಗಾಳಿಗೆ ಒಂದು ಪಿಕೋಗ್ರಾಂ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಇದ್ದರೆ, ಮೂರು ತಿಂಗಳು ತೂಗಿದ ಬಿಲ್ಲೆಯಲ್ಲಿ ಸಿಗುವುದು 360 ಪಿಕೋಗ್ರಾಂ. ಡಯಾಕ್ಸಿನ್‌ಗಳು ಸ್ವಚ್ಛ ಗಾಳಿಯಲ್ಲಿ ಇದಕ್ಕೂ ಎಷ್ಟೋ ಕಡಿಮೆ ಇರುತ್ತವೆ. ಅಂಥ ಲೆಕ್ಕದಲ್ಲಿ ಬಿಲ್ಲೆ ಬದಲಿಸುವವರ ಕೈಯ ಕೊಳೆ, ಪ್ರಯೋಗಾಲಯದ ಹಳೆಯ ಬಣ್ಣ, ಗಾಜಿನ ಪಾತ್ರೆ ತೊಳೆದ ದ್ರಾವಕ ಎಲ್ಲವೂ ಸುಳ್ಳು ಸಾಕ್ಷಿಗಳಾಗಬಲ್ಲವು. ಅದಕ್ಕಾಗಿ ಗಾಳಿಗೆ ಒಡ್ಡದ ಖಾಲಿ ಬಿಲ್ಲೆಗಳೂ ಮಾದರಿಗಳ ಜೊತೆಯಲ್ಲೇ ಪ್ರಯಾಣ ಮಾಡಿ ಬರುತ್ತವೆ. ಅವುಗಳಲ್ಲಿ ಸಿಕ್ಕಿದ್ದನ್ನು ಕಳೆದು ಉಳಿದದ್ದೇ ಉತ್ತರ.

ಎದೆಹಾಲಿನ ಸಮೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1987ರಿಂದಲೂ ನಡೆಸುತ್ತಿತ್ತು; ಒಪ್ಪಂದದ ಬಳಿಕ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಜೊತೆಗೂಡಿತು. ನಿಯಮಗಳು ಕಟ್ಟುನಿಟ್ಟು. ಪ್ರತಿ ದೇಶದಿಂದ ಕನಿಷ್ಠ ಐವತ್ತು ತಾಯಂದಿರು. ಚೊಚ್ಚಲ ಹೆರಿಗೆಯಾದವರೇ ಆಗಬೇಕು, ಏಕೆಂದರೆ ಹಾಲೂಡಿಸುವಾಗ ತಾಯಿಯ ಮೈಯಲ್ಲಿದ್ದ ವಿಷದ ಒಂದು ಪಾಲು ಮಗುವಿಗೆ ಸಾಗಿ, ಎರಡನೆಯ ಮಗುವಿನ ಹೊತ್ತಿಗೆ ಲೆಕ್ಕ ತಗ್ಗಿರುತ್ತದೆ. ವಯಸ್ಸು ಮೂವತ್ತರೊಳಗಿರಬೇಕು, ಆರೋಗ್ಯ ಚೆನ್ನಾಗಿರಬೇಕು, ಹಲವು ವರ್ಷಗಳಿಂದ ಅದೇ ಪ್ರದೇಶದಲ್ಲಿ ನೆಲೆಸಿರಬೇಕು. ಹೆರಿಗೆಯಾದ ಮೂರರಿಂದ ಎಂಟನೇ ವಾರದೊಳಗೆ ಹಾಲು ತೆಗೆಯಬೇಕು. ಎಲ್ಲರ ಹಾಲಿನಿಂದ ಸಮಪಾಲು ಬೆರೆಸಿ ಒಂದೇ ಮಾದರಿ ಮಾಡುತ್ತಾರೆ. ಡಯಾಕ್ಸಿನ್ ಪರೀಕ್ಷೆ ದುಬಾರಿ, ಐವತ್ತು ಸಲ ಮಾಡುವ ಬದಲು ಒಂದೇ ಸಲ ಮಾಡಿದರೂ ದೇಶದ ಸರಾಸರಿ ಸಿಗುತ್ತದೆ. ಪ್ರಪಂಚದ ಮೂಲೆಮೂಲೆಯ ಮಾದರಿಗಳು ಬಹುಕಾಲ ಜರ್ಮನಿಯ ಫ್ರೈಬುರ್ಗ್‌ನ ಒಂದೇ ಪ್ರಯೋಗಾಲಯಕ್ಕೆ ಹೋಗುತ್ತಿದ್ದುದೂ ಹೋಲಿಕೆ ಕೆಡಬಾರದೆಂದೇ. ಇಷ್ಟೆಲ್ಲ ಅಳೆದ ಮೇಲೂ ಆರೋಗ್ಯ ಸಂಸ್ಥೆಯ ಸಲಹೆ ಬದಲಾಗಿಲ್ಲ: ಮಗುವಿಗೆ ಎದೆಹಾಲೇ ಶ್ರೇಷ್ಠ. ಸಮೀಕ್ಷೆ ತಾಯಿಯ ಹಾಲನ್ನು ದೂರುವುದಿಲ್ಲ, ಆಕೆ ಉಂಡ ಅನ್ನ, ಉಸಿರಾಡಿದ ಗಾಳಿಗಳ ಮೇಲೆ ಬೊಟ್ಟು ಮಾಡುತ್ತದೆ.

ಹಾಲಿನ ಪರೀಕ್ಷೆಯ ಬೆಲೆ ಏನೆಂದು ತೋರಿಸಿದ್ದು ಸ್ಟಾಕ್‌ಹೋಮ್ ನಗರವೇ. ಅಲ್ಲಿ 1970ರ ದಶಕದಿಂದ ತಾಯಂದಿರ ಹಾಲಿನ ಮಾದರಿಗಳನ್ನು ಶೈತ್ಯದಲ್ಲಿಟ್ಟು ಕಾಯ್ದಿದ್ದರು. 1990ರ ದಶಕದ ಕೊನೆಯಲ್ಲಿ ಅವನ್ನು ಹೊರತೆಗೆದು ಮತ್ತೆ ಪರೀಕ್ಷಿಸಿದಾಗ ಪಿಸಿಬಿ, ಡಿಡಿಟಿ ವರ್ಷದಿಂದ ವರ್ಷಕ್ಕೆ ಇಳಿದಿದ್ದವು. ಆದರೆ ಸೋಫಾ, ಕಂಪ್ಯೂಟರುಗಳಿಗೆ ಬೆಂಕಿ ತಗುಲದಂತೆ ಬೆರೆಸುವ ಪಿಬಿಡಿಇ ಎಂಬ ಬ್ರೋಮಿನ್ ಸಂಯುಕ್ತಗಳು 1972ರಿಂದ 1997ರ ನಡುವೆ ಸುಮಾರು ಐದು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಬಂದಿದ್ದವು. ಮಾದರಿ ಸಂಗ್ರಹಿಸಿದಾಗ ಅವುಗಳನ್ನು ಹುಡುಕುವ ಯೋಚನೆಯೇ ಯಾರಿಗೂ ಇರಲಿಲ್ಲ. ಯುರೋಪ್ ಅವುಗಳಲ್ಲಿ ಮುಖ್ಯವಾದದ್ದನ್ನು 2004ರಲ್ಲಿ ನಿಷೇಧಿಸಿತು. 2009ರಲ್ಲಿ ಸ್ಟಾಕ್‌ಹೋಮ್ ಪಟ್ಟಿಗೂ ಸೇರಿದವು. ಜರ್ಮನಿ 1985ರಿಂದ ಮೀನು, ಮೊಟ್ಟೆ, ಎಲೆ, ಮನುಷ್ಯರ ರಕ್ತಗಳನ್ನು ದ್ರವ ಸಾರಜನಕದ ಮೇಲೆ −150 ಡಿಗ್ರಿಗೂ ಕಡಿಮೆ ಶಾಖದಲ್ಲಿ ಇಟ್ಟುಕೊಂಡು ಬಂದಿರುವುದೂ ಇದೇ ಉದ್ದೇಶಕ್ಕೆ.

ಪ್ರಯೋಗಾಲಯಗಳ ನಡುವಿನ ಒಮ್ಮತ ಇನ್ನೊಂದು ತೊಡಕು. ಪಿಸಿಬಿ ಎಂದರೆ ಒಂದು ವಸ್ತುವಲ್ಲ, 209 ಅಣುಗಳ ಕುಟುಂಬ. ಡಯಾಕ್ಸಿನ್, ಫ್ಯೂರಾನ್‌ಗಳಲ್ಲಿ ವಿಷಕಾರಿಯಾದವು ಹದಿನೇಳು, ಪ್ರತಿಯೊಂದರ ತೀವ್ರತೆ ಬೇರೆ. ಅವನ್ನೆಲ್ಲ ಅತ್ಯುಗ್ರವಾದ ಒಂದರ ಲೆಕ್ಕಕ್ಕೆ ಪರಿವರ್ತಿಸಿ ಕೂಡಿಸಬೇಕು. ಆ ಪರಿವರ್ತನೆಯ ಅಂಕಗಳನ್ನೇ ಆರೋಗ್ಯ ಸಂಸ್ಥೆ 1998ರಲ್ಲಿ ಒಂದು ಬಗೆಯಾಗಿ, 2005ರಲ್ಲಿ ಇನ್ನೊಂದು ಬಗೆಯಾಗಿ ಕೊಟ್ಟಿದೆ. ಯಾವುದರಿಂದ ಗುಣಿಸಿದ್ದೆಂದು ಬರೆಯದಿದ್ದರೆ ಹತ್ತು ವರ್ಷದ ಇಳಿಕೆ ಕೇವಲ ಲೆಕ್ಕದ ಕೈಚಳಕವಾಗಿಬಿಡಬಹುದು. ಹೀಗಾಗಿ ಪರಿಸರ ಕಾರ್ಯಕ್ರಮದವರು ಎರಡು ವರ್ಷಕ್ಕೊಮ್ಮೆಯಂತೆ ಒಂದೇ ಮೀನು, ಒಂದೇ ಹಾಲು, ಒಂದೇ ಕೆಸರನ್ನು ಹತ್ತಾರು ದೇಶಗಳ ಪ್ರಯೋಗಾಲಯಗಳಿಗೆ ಹಂಚಿ, ಯಾರ ಉತ್ತರ ಎಷ್ಟು ಹತ್ತಿರವೆಂದು ನೋಡುತ್ತಾರೆ. ಹಳೆಯ ಕೀಟನಾಶಕಗಳಲ್ಲೇ ಎಡವುವವರು ಇದ್ದಾರೆ. ಡಯಾಕ್ಸಿನ್ ಪರೀಕ್ಷೆಗೆ ಬೇಕಾದ ದುಬಾರಿ ಯಂತ್ರ ಇರುವ ದೇಶಗಳೇ ಕಡಿಮೆ. ಭಾರತದಲ್ಲಿ ತಿರುವನಂತಪುರದ ರಾಷ್ಟ್ರೀಯ ಅಂತರಶಿಸ್ತೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಡಯಾಕ್ಸಿನ್ ಅಳೆಯುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಒಪ್ಪಂದದ ಪ್ರಾದೇಶಿಕ ಕೇಂದ್ರವಾಗಿದೆ.

ಅಂಕಿ ಬಂದ ಮೇಲೆ ಅದನ್ನು ಓದುವುದು ಪತ್ತೇದಾರಿ ಕೆಲಸ. ಮಾದರಿಯಲ್ಲಿ ಡಿಡಿಟಿ ಇದ್ದರೆ ಸಾಲದು, ಅದು ಹಳೆಯದೋ ಹೊಸದೋ? ಡಿಡಿಟಿ ಕಾಲ ಕಳೆದಂತೆ ಡಿಡಿಇ ಆಗುತ್ತದೆ. ಡಿಡಿಇ ಪಾಲು ಹೆಚ್ಚಿದ್ದರೆ ಹಿಂದೆಂದೋ ಬಳಸಿದ್ದು, ಡಿಡಿಟಿಯೇ ಹೆಚ್ಚಿದ್ದರೆ ಹತ್ತಿರದಲ್ಲೆಲ್ಲೋ ಇತ್ತೀಚೆಗೆ ಸಿಂಪಡಿಸಿದ್ದು. ಮಲೇರಿಯಾ, ಕಾಲಾ ಅಜಾರ್‌ಗಳ ಕೀಟಗಳ ವಿರುದ್ಧ ಬಳಸಲು ಒಪ್ಪಂದವೇ ಡಿಡಿಟಿಗೆ ವಿನಾಯಿತಿ ಕೊಟ್ಟಿದೆ. ಭಾರತ ಅದನ್ನು ಬಹುಕಾಲ ಉಳಿಸಿಕೊಂಡ ದೇಶ. ಆದ್ದರಿಂದ ಇಲ್ಲಿನ ಗಾಳಿಯಲ್ಲಿ ಅದು ಸಿಕ್ಕರೆ ಕಾನೂನುಭಂಗವೆಂದು ಹೇಳಲು ಬಾರದು, ಅನುಪಾತ ಮತ್ತು ಋತುಗಳನ್ನು ನೋಡಬೇಕು. ಬೆಂಗಳೂರೂ ಸೇರಿದಂತೆ ಭಾರತದ ಹಲವು ನಗರಗಳಲ್ಲಿ ಸಂಶೋಧಕರು ಗಾಳಿಯನ್ನು ಹೀಗೆ ಅಳೆದಿದ್ದಾರೆ.

ಭತ್ತದ ಗದ್ದೆಗೆ ಎರಚುತ್ತಿದ್ದ ಬಿಎಚ್‌ಸಿ ಪುಡಿ ಕರ್ನಾಟಕದ ಹಳೆಯ ರೈತರಿಗೆ ಚೆನ್ನಾಗಿ ಗೊತ್ತು. ಅದರ ಬಹುಪಾಲು ಎಚ್‌ಸಿಎಚ್ ಎಂಬ ರಾಸಾಯನಿಕದ ಆಲ್ಫಾ ರೂಪ. ಕೀಟವನ್ನು ಕೊಲ್ಲುವುದು ಅದರಲ್ಲಿನ ಗಾಮಾ, ಎಂದರೆ ಲಿಂಡೇನ್ ಮಾತ್ರ. ಉಳಿದದ್ದು ಬರೀ ಹೊರೆ. ಚೀನಾ 1983ರಲ್ಲಿ ಈ ಪುಡಿಯನ್ನು ನಿಲ್ಲಿಸಿದಾಗ ಆರ್ಕ್ಟಿಕ್ ಗಾಳಿಯಲ್ಲಿ ಆಲ್ಫಾ ಎಚ್‌ಸಿಎಚ್ ಥಟ್ಟನೆ ಇಳಿಯಿತು. 1990ರ ಆಸುಪಾಸು ಸೋವಿಯತ್ ಒಕ್ಕೂಟ ಮತ್ತು ಭಾರತ ಬಳಕೆ ಕಡಿತಗೊಳಿಸಿದಾಗ ಇನ್ನೊಂದು ಇಳಿಕೆ ಕಂಡಿತು. ಭಾರತದ ಪೂರ್ಣ ನಿಷೇಧ ಬಂದದ್ದು 1997ರಲ್ಲಿ. ಏಷ್ಯಾದ ಗದ್ದೆಯಲ್ಲಿ ಕೈ ಬಿಟ್ಟದ್ದು ಧ್ರುವದ ಯಂತ್ರದಲ್ಲಿ ದಾಖಲಾಯಿತು. ಕಥೆ ಅಲ್ಲಿಗೇ ನಿಲ್ಲಲಿಲ್ಲ. ವರ್ಷಗಟ್ಟಲೆ ಈ ವಿಷವನ್ನು ಗಾಳಿಯಿಂದ ಹೀರಿಕೊಂಡಿದ್ದ ತಣ್ಣನೆಯ ಸಮುದ್ರ, ಗಾಳಿ ಸ್ವಚ್ಛವಾದಾಗ ಅದನ್ನೇ ಹಿಂದಕ್ಕೆ ಉಗುಳತೊಡಗಿತು. 1988ರಲ್ಲಿ ಬೇರಿಂಗ್, ಚುಕ್ಚಿ ಸಮುದ್ರಗಳಲ್ಲಿ ವಿಷ ಗಾಳಿಯಿಂದ ನೀರಿಗೆ ಇಳಿಯುತ್ತಿತ್ತು. 1993ರ ಹೊತ್ತಿಗೆ ನೀರಿನಿಂದ ಗಾಳಿಗೆ ಏರುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೂ ಸಮುದ್ರವೇ ಕಾರ್ಖಾನೆಯಾಗಿ ಉಳಿಯುತ್ತದೆಂದು ಆಗ ತಿಳಿಯಿತು. ಆರ್ಕ್ಟಿಕ್ ಬಿಸಿಯಾಗಿ ಹಿಮ ಕರಗುತ್ತಿರುವುದರಿಂದ ಹಳೆಯ ಪಾಪ್ಸ್ ಮತ್ತೆ ಗಾಳಿಗೇಳುತ್ತಿರುವುದನ್ನು ಜೆಪೆಲಿನ್ ಮತ್ತು ಅಲರ್ಟ್ ದಾಖಲೆಗಳಿಂದ 2011ರಲ್ಲಿ ತೋರಿಸಲಾಯಿತು. ಇಳಿಕೆಯ ಗೆರೆ ನಿಂತರೆ ನಿಷೇಧ ಸೋತಿತೆಂದೇ ಅರ್ಥವಲ್ಲ. ಹವಾಮಾನದ ಪಾಲನ್ನು ಕಳೆದು ನೋಡಬೇಕು.

ಎಂಡೋಸಲ್ಫಾನ್ ವಿಷಯದಲ್ಲಿ ಅಳತೆಯೇ ಒಪ್ಪಂದದ ಪಟ್ಟಿಯ ಬಾಗಿಲು ತೆರೆಯಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದ, ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ಬಳಸಿದ ಈ ಕೀಟನಾಶಕದ ಸುತ್ತ ಕಾಯಿಲೆಬಿದ್ದ ಮಕ್ಕಳ ದೂರು ದಶಕಗಳದ್ದು. ಜಾಗತಿಕ ಒಪ್ಪಂದಕ್ಕೆ ಊರಿನ ನೋವೊಂದೇ ಸಾಲದು, ಗಡಿ ದಾಟುವ ಪುರಾವೆಯೂ ಬೇಕು. ಆರ್ಕ್ಟಿಕ್ ಗಾಳಿಯ ಅಳತೆಗಳು ಅದನ್ನು ಒದಗಿಸಿದವು. 2011ರ ಏಪ್ರಿಲ್ ಕೊನೆಗೆ ಜಿನೀವಾ ಸಭೆಯಲ್ಲಿ, ಮೊದಲು ವಿರೋಧಿಸಿದ್ದ ಭಾರತವೂ ವಿನಾಯಿತಿಗಳೊಡನೆ ಒಪ್ಪಿ, ಎಂಡೋಸಲ್ಫಾನ್ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟಕ್ಕೆ ತಡೆ ಹಾಕಿತು. ಪಿಸಿಬಿ ಕತೆ ಇಷ್ಟು ಸದ್ದಿನದಲ್ಲ. ಉಪಕರಣಗಳಲ್ಲಿ ಅದರ ಬಳಕೆ 2025ಕ್ಕೆ, ತ್ಯಾಜ್ಯದ ಸುರಕ್ಷಿತ ವಿಲೇವಾರಿ 2028ಕ್ಕೆ ಮುಗಿಯಬೇಕೆಂಬುದು ಒಪ್ಪಂದದ ಗಡುವು. ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಅದು ಇದೆಯೇ ಎಂದು ಹುಡುಕುವ ರಾಷ್ಟ್ರೀಯ ಕೆಲಸದಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಪಾಲುಗೊಂಡಿದೆ.

ವಿಶ್ವಸಂಸ್ಥೆಯ ಐದು ಪ್ರದೇಶಗಳಿಂದ ಬಂದ ವರದಿಗಳು ಸೇರಿ ಮೊದಲ ಜಾಗತಿಕ ಚಿತ್ರ 2009ರಲ್ಲಿ ಮೂಡಿತು. ಅದು ಮುಂದಿನ ಹೋಲಿಕೆಗೆ ಇಟ್ಟ ಮೊದಲ ಗೆರೆ ಮಾತ್ರ. ಆಮೇಲಿನ ಎರಡು ಸುತ್ತಿನ ವರದಿಗಳ ಸಾರ ಹೀಗೆ: ಮೊದಲ ಹನ್ನೆರಡರಲ್ಲಿ ಬಹುತೇಕ, ಅಳತೆಯ ಇತಿಹಾಸ ಇರುವ ಕಡೆ, ಗಾಳಿಯಲ್ಲೂ ಎದೆಹಾಲಿನಲ್ಲೂ ಇಳಿದಿವೆ. ತುಂಬ ಇಳಿದಿದ್ದವು ಈಗ ಸಮತಟ್ಟಾಗುತ್ತಿವೆ. ತಡವಾಗಿ ಪಟ್ಟಿಗೆ ಬಂದವುಗಳ ಬಗ್ಗೆ ಮಿಶ್ರ ಸುದ್ದಿ. ಒಂದೇ ಜಾಗದಲ್ಲಿ ಹತ್ತು ವರ್ಷ ಅಳೆದರೆ ಅರ್ಧದಷ್ಟು ಇಳಿಕೆಯನ್ನು ಖಚಿತವಾಗಿ ಹೇಳಬಲ್ಲಂತಿರಬೇಕು ಎಂಬುದು ಯೋಜನೆಯ ಆಶಯ. ಯುರೋಪ್, ಉತ್ತರ ಅಮೆರಿಕ, ಜಪಾನ್ ಬಿಟ್ಟರೆ ಅಂಥ ಉದ್ದದ ಸರಣಿ ಎಲ್ಲಿಯೂ ಸುಲಭಕ್ಕೆ ಸಿಗದು. ಎರಡು ವರ್ಷದ ಅನುದಾನ ಮುಗಿದೊಡನೆ ಬೋಗುಣಿ ಇಳಿಸಿದ ಜಾಗಗಳು ಆಫ್ರಿಕಾ, ಏಷ್ಯಾಗಳಲ್ಲಿ ಸಾಕಷ್ಟಿವೆ. ಅತಿ ಸೂಕ್ಷ್ಮ ಯಂತ್ರದಿಂದ ಒಮ್ಮೆ ಅಳೆದದ್ದಕ್ಕಿಂತ ಸಾಧಾರಣ ಬೋಗುಣಿಯಿಂದ ಇಪ್ಪತ್ತು ವರ್ಷ ಬಿಡದೆ ಅಳೆದದ್ದು ಈ ಕೆಲಸಕ್ಕೆ ಹೆಚ್ಚು ಉಪಯುಕ್ತ. ಹಣ ಕೊಡುವವರಿಗೆ ಮಾತ್ರ ಹೊಸ ಯಂತ್ರ ಹೆಚ್ಚು ಇಷ್ಟ.

2025ರಲ್ಲಿ ಪಟ್ಟಿಗೆ ಇನ್ನೂ ಮೂರು ಸೇರಿದವು. ಅವುಗಳಲ್ಲೊಂದು ಕ್ಲೋರ್‌ಪೈರಿಫಾಸ್, ಮನೆ ಕಟ್ಟುವಾಗ ಅಡಿಪಾಯಕ್ಕೆ ಸುರಿಯುವ ಗೆದ್ದಲಿನ ಔಷಧವಾಗಿ ಇಲ್ಲಿಯೂ ಪರಿಚಿತ. ಕೆಲವು ಬಳಕೆಗಳಿಗೆ ವಿನಾಯಿತಿ ಉಳಿಸಿಯೇ ಅದನ್ನು ಸೇರಿಸಲಾಗಿದೆ. ಅದಕ್ಕೂ ಮೊದಲ ಗೆರೆ ಎಳೆಯಬೇಕಾಗಿದೆ. ಕೆನಡಾದ ಜಾಲ ತನ್ನ ಹಳೆಯ ಫೋಮ್ ಬಿಲ್ಲೆಗಳಿಂದ ತೆಗೆದ ಸಾರವನ್ನು ಕಾಪಿಟ್ಟುಕೊಂಡಿದ್ದು, ಪಟ್ಟಿಗೆ ಹೊಸದಾಗಿ ಬಂದ ವಸ್ತುಗಳನ್ನು ಹಿಂದೆಯೂ ಅವುಗಳಲ್ಲಿ ಹುಡುಕಿದೆ.